ರೋಲೆಕ್ಸ್ ಹೆಸರಿನ ವಾಚು, ಅಜ್ಜನ ಎಚ್‌ಎಂಟಿ, ಕೆಜಿ ಲೆಕ್ಕದ ಪಾರ್ಟ್ಸು

ಸಂತೆಯಲ್ಲಿ ಮೊಬೈಲ್ ಕವರ್ ಮಾರುವ ಗಾಡಿಗಳ ಮುಂದೆ ಒಂದು ನಿಮಿಷ ನಿಂತು ನೋಡಿ. ಕವರು, ಚಾರ್ಜರು, ಕೂಲಿಂಗ್ ಗ್ಲಾಸುಗಳ ಪಕ್ಕದಲ್ಲಿ ವಾಚುಗಳ ಒಂದು ಹಲಗೆ ಇದ್ದೇ ಇರುತ್ತದೆ. ಅದರಲ್ಲಿ ರೋಲೆಕ್ಸ್ ಇದೆ, ಒಮೆಗಾ ಇದೆ, ರಾಡೋ ಇದೆ. ಮುನ್ನೂರು ರೂಪಾಯಿಯಿಂದ ಶುರು, ಚೌಕಾಸಿ ಮಾಡಿದರೆ ಇನ್ನೂರೈವತ್ತಕ್ಕೂ ಬರುತ್ತದೆ. "ಅಣ್ಣ, ಇದು ಒರಿಜಿನಲ್ಲಾ?" ಎಂದು ಕೇಳಿದರೆ ಗಾಡಿಯವರೂ ಸುಳ್ಳು ಹೇಳುವುದಿಲ್ಲ. "ಒರಿಜಿನಲ್ ಆಗಿದ್ರೆ ನಾನ್ಯಾಕಪ್ಪಾ ಈ ಬಿಸಿಲಲ್ಲಿ ನಿಂತಿರ್ತಿದ್ದೆ" ಅನ್ನುತ್ತಾರೆ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಬರುವುದು ಬೇರೆ ಥರದ ಮಾಲು. ಅಲ್ಲಿ ನಕಲಿ ಎಂಬ ಮಾತೇ ಇಲ್ಲ. "ಫಸ್ಟ್ ಕಾಪಿ", "ಮಾಸ್ಟರ್ ಕಾಪಿ", "ಸೆವೆನ್ ಎ ಕ್ವಾಲಿಟಿ" ಎಂಬ ಬಿರುದುಗಳಿವೆ. ನಕಲಿಯಲ್ಲೂ ಮೇಲಿನ ಕ್ಲಾಸು, ಕೆಳಗಿನ ಕ್ಲಾಸು. ಬೆಲೆ ಸಾವಿರದ ಐನೂರರಿಂದ ಹಿಡಿದು ಐದಂಕಿಯವರೆಗೂ ಹೋಗುತ್ತದೆ.

ಇವನ್ನು ಕಟ್ಟಿಕೊಂಡವರನ್ನು ನೋಡಿ ನಗುವವರ ಸಾಲಿನಲ್ಲಿ ನಾವಿಲ್ಲ. ಬಾಡಿಗೆ ಸೂಟು, ಬಾಡಿಗೆ ಕಾರು, ಸಾಲದ ಊಟ ಇರುವ ಮದುವೆಯಲ್ಲಿ ಮದುಮಗನ ಕೈಯಲ್ಲಿರುವ ವಾಚೊಂದೇ ಅಸಲಿಯಾಗಿರಬೇಕು ಅಂತ ಯಾರಿಗೆ ಯಾಕೆ ಹಟ? ಫೋಟೋದಲ್ಲಿ ಚೆನ್ನಾಗಿ ಕಂಡರೆ ಸಾಕು. ಆಸೆ ಪಡುವುದಕ್ಕೆ ಹಳ್ಳಿಯವರಿಗೆ ಬೇರೆ ಕಾನೂನಿಲ್ಲ.

ನಮ್ಮ ತಕರಾರು ಇರುವುದು ಇದರ ಮುಂದಿನ ಹಂತದಲ್ಲಿ. ಈ ನಕಲಿ ವಾಚುಗಳನ್ನು ಹವ್ಯಾಸವಾಗಿ ಕೂಡಿಡುವವರ, ಬಿಚ್ಚಿ ತಿದ್ದುವವರ, ಅದಕ್ಕೆ ಬೇಕಾದ ಬಿಡಿಭಾಗ ಹುಡುಕುವವರ ಒಂದು ಲೋಕವೇ ಇದೆ. ಚೀನಾದ ಗುವಾಂಗ್‌ಝೌನಲ್ಲಿ ರೈಲು ನಿಲ್ದಾಣದ ಹತ್ತಿರ ಮಹಡಿ ಮೇಲೆ ಮಹಡಿ ಬರೀ ವಾಚು, ವಾಚಿನ ಪಾರ್ಟ್ಸು ಮಾರುವ ಕಟ್ಟಡಗಳಿವೆ. ಈ ಲೋಕದ ರಾಜಧಾನಿ ಅದೇ. ಯೂರೋಪು, ಅಮೆರಿಕದ ಹವ್ಯಾಸಿಗಳು ಅಲ್ಲಿಂದ ನಕಲಿ ವಾಚು ತರಿಸುತ್ತಾರೆ. ಬಂದ ಮೇಲೆ ಕಣ್ಣಿಗೆ ಭೂತಗಾಜು ಹಾಕಿಕೊಂಡು ಅಸಲಿಗೂ ಇದಕ್ಕೂ ಏನೇನು ವ್ಯತ್ಯಾಸ ಎಂದು ಪಟ್ಟಿ ಮಾಡುತ್ತಾರೆ. ತಾರೀಕಿನ ಮೇಲಿರುವ ಉಬ್ಬು ಗಾಜು ಅಸಲಿ ರೋಲೆಕ್ಸಿನಲ್ಲಿ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡುತ್ತದೆ, ಅಗ್ಗದ ನಕಲಿಯಲ್ಲಿ ಅಷ್ಟು ಮಾಡುವುದಿಲ್ಲ. ಹಾಗಾದರೆ ಗಾಜು ಬದಲಿಸು. ಮುಳ್ಳಿನ ಬಣ್ಣ ಸರಿಯಿಲ್ಲ, ಮುಳ್ಳು ಬದಲಿಸು. ಡಯಲಿನ ಅಕ್ಷರ ಸ್ವಲ್ಪ ದಪ್ಪ, ಡಯಲ್ ಬದಲಿಸು. ಕತ್ತಲಲ್ಲಿ ಹೊಳೆಯುವ ಬಣ್ಣ ಹಸಿರಿದೆ, ನೀಲಿ ಇರಬೇಕು, ಬಳಿದು ಬೇರೆ ಹಾಕು. ಕೊನೆಗೆ ಮಷಿನ್ನೂ ಬದಲಿಸು.

(ಹೊಳೆಯುವುದಕ್ಕೆಲ್ಲ ನಾವು ಇವತ್ತಿಗೂ ರೇಡಿಯಂ ಅನ್ನುತ್ತೇವೆ. ಆಟೋ ಹಿಂದಿನ ಸ್ಟಿಕರ್ರೂ ರೇಡಿಯಂ. ಈಗಿನ ಬಣ್ಣದಲ್ಲಿ ರೇಡಿಯಂ ಇಲ್ಲ. ಆದರೆ 1960ರ ದಶಕಕ್ಕೂ ಹಿಂದಿನ ಕೆಲವು ವಿದೇಶಿ ವಾಚುಗಳಲ್ಲಿ ನಿಜವಾದ ರೇಡಿಯಂ ಇತ್ತು. ಅಂಥ ಹಳೆ ಡಯಲನ್ನು ಮನೆಯಲ್ಲಿ ಕೆರೆಯಲು ಹೋಗಬೇಡಿ, ಆ ಪುಡಿ ಉಸಿರಿನಲ್ಲಿ ಒಳಗೆ ಹೋಗುವುದು ಅಪಾಯ.)

ಈ ಕೆಲಸದಲ್ಲಿ ಕೈಚಳಕ ಇದೆ. ಅದನ್ನು ಇಲ್ಲ ಎನ್ನಲಾಗದು. ಸಾಸಿವೆಗಿಂತ ಸಣ್ಣ ಸ್ಕ್ರೂ ಬಿಚ್ಚಿ, ಕೈ ನಡುಗದ ಹಾಗೆ ಮುಳ್ಳು ಕೂರಿಸುವುದು ಎಲ್ಲರಿಗೂ ಬರುವುದಿಲ್ಲ. ಹಾಗೆ ಕಲಿತವರು ಒಂದೆರಡು ವರ್ಷದಲ್ಲಿ ವಾಚಿನ ಒಳಗನ್ನು ಚೆನ್ನಾಗಿ ತಿಳಿದುಕೊಳ್ಳುತ್ತಾರೆ.

ಆ ಒಳಗಿನ ವಿಷಯ ಕೇಳಿ, ಸ್ವಾರಸ್ಯವಿದೆ. ಸಂತೆಯ ಮುನ್ನೂರು ರೂಪಾಯಿ ರೋಲೆಕ್ಸಿನೊಳಗೆ ಇರುವುದು ಬ್ಯಾಟರಿ ಮಷಿನ್ನು. ಅದರ ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಎಂದು ಹಾರುತ್ತದೆ. ಸ್ವಲ್ಪ ದುಬಾರಿ ನಕಲಿಗಳಲ್ಲಿ ಬ್ಯಾಟರಿ ಇಲ್ಲ, ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಮಷಿನ್. ಇವುಗಳಲ್ಲಿ ಎಷ್ಟೋ ವಾಚುಗಳಿಗೆ ಹಾಕುವುದು ಜಪಾನಿನ ಮಿಯೋಟಾ 8215 ಎಂಬ ಮಷಿನ್ ಅಥವಾ ಅದನ್ನು ನೋಡಿ ಚೀನಾದಲ್ಲಿ ಮಾಡಿದ ಅದರ ತದ್ರೂಪು. ಮಿಯೋಟಾ ಯಾರದ್ದು? ಸಿಟಿಜನ್ ಕಂಪನಿಯದ್ದು. ಸಿಟಿಜನ್ ಯಾರು? 1961ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಚ್‌ಎಂಟಿಗೆ ವಾಚು ಮಾಡುವುದನ್ನು ಕಲಿಸಿಕೊಟ್ಟವರು.

ಅಂದರೆ ಸ್ವಿಸ್ ಹೆಸರು ಹೊತ್ತ ಆ ನಕಲಿಯ ಎದೆಯಲ್ಲಿ ಬಡಿಯುತ್ತಿರುವುದು ನಿಮ್ಮ ಅಜ್ಜನ ಟ್ರಂಕಿನಲ್ಲಿರುವ ಎಚ್‌ಎಂಟಿಯ ದಾಯಾದಿ. ಜನತಾ, ಪೈಲಟ್ ವಾಚಿನ ಸೆಕೆಂಡ್ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ, ಮಿಯೋಟಾ ಆರು, ಈಗಿನ ಅಸಲಿ ರೋಲೆಕ್ಸು ಎಂಟು. ಕಣ್ಣು ಪಳಗಿದವರು ಮುಳ್ಳಿನ ಓಟ ನೋಡಿಯೇ ಇದು ಯಾವ ಮನೆಯದ್ದು ಎಂದು ಹೇಳಿಬಿಡುತ್ತಾರೆ. ಮಷಿನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಳ್ಳು ಇರುವುದು ಡಯಲ್ ಮೇಲೆ ಅಚ್ಚಾದ ಹೆಸರಿನಲ್ಲಿ.

ನಾವು ಹಿಡಿದು ಮಾತಾಡಬೇಕಿರುವುದು ಈ ಹೆಸರನ್ನು.

ವಾಚು ತಿದ್ದುವುದೇ ತಪ್ಪು ಎಂದು ಹೇಳಲು ನಾವು ಹೊರಟಿಲ್ಲ. ಗಾಡಿ ತಿದ್ದದ ಊರು ಯಾವುದಿದೆ? ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಯಮಹಾ ಆರ್‌ಎಕ್ಸ್ 100, ಎರಡೂ 1996ಕ್ಕೆ ನಿಂತವು. ಇವತ್ತಿಗೂ ನಮ್ಮ ಹುಡುಗರು ಅವನ್ನು ಜೋಪಾನ ಮಾಡಿ ಓಡಿಸುತ್ತಿದ್ದಾರೆ. ಒಂದು ಗಾಡಿಯ ಟ್ಯಾಂಕು, ಇನ್ನೊಂದರ ಎಂಜಿನ್ನು, ಮೂರನೆಯದರ ಸೈಲೆನ್ಸರು ಸೇರಿಸಿ ನಿಲ್ಲಿಸಿದ್ದಾರೆ. ಯಾರೂ ಅವರನ್ನು ಮೋಸಗಾರರು ಅನ್ನುವುದಿಲ್ಲ. ಯಾಕೆಂದರೆ ಗಾಡಿಗೆ ಆರ್‌ಸಿ ಬುಕ್ ಇದೆ. ಎಂಜಿನ್ ನಂಬರು, ಚಾಸಿ ನಂಬರು ಅದರಲ್ಲಿದೆ. ಕೊಳ್ಳುವವರು ಬಗ್ಗಿ ನೋಡಿ ತಾಳೆ ಹಾಕಬಹುದು.

ವಾಚಿಗೆ ಆರ್‌ಸಿ ಬುಕ್ ಇಲ್ಲ. ಒಳಗೆ ಏನಿದೆ ಎಂದು ಹೇಳುವುದು ಮಾರುವವರ ಬಾಯಿ ಮಾತ್ರ.

ನಕಲಿ ತಿದ್ದುವ ಹವ್ಯಾಸಿಗಳು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ. "ನಾವು ಮಾರಲ್ಲ, ನಮಗಾಗಿ ಮಾಡಿಕೊಳ್ತೀವಿ. ಒಂದು ವಾಚಿಗೆ ಹತ್ತು ಲಕ್ಷ ಕೇಳೋ ಕಂಪನಿಗೆ ನಮ್ಮಿಂದ ಏನು ನಷ್ಟ?" ಮಾತಿನಲ್ಲಿ ಅರ್ಧ ನ್ಯಾಯವಿದೆ. ಸ್ವಿಟ್ಜರ್ಲೆಂಡಿನ ಸಾಹುಕಾರರಿಗಾಗಿ ನಾವೂ ಕಣ್ಣೀರು ಹಾಕುವುದಿಲ್ಲ. ಆದರೆ ವಾಚು ಒಬ್ಬರ ಕೈಯಲ್ಲೇ ಉಳಿಯುವ ವಸ್ತುವಲ್ಲ. ಮೊದಲನೆಯವರಿಗೆ ಅದು ನಕಲಿ ಎಂದು ಗೊತ್ತು. ಎರಡನೆಯವರಿಗೆ ಅರ್ಧ ಬೆಲೆಗೆ ಕೊಡುವಾಗ ಹೇಳಿರುತ್ತಾರೆ ಅಂದುಕೊಳ್ಳೋಣ. ಕಷ್ಟಕ್ಕೆ ಅಡ ಇಟ್ಟಾಗಲೋ, ಓಎಲ್‌ಎಕ್ಸಿಗೆ ಹಾಕಿದಾಗಲೋ ಮೂರನೆಯವರ ಕೈಗೆ ಬರುತ್ತದಲ್ಲ, ಅವರಿಗೆ ಯಾರು ಹೇಳುತ್ತಾರೆ? ತಿದ್ದಿದ ಕೈ ಎಷ್ಟು ಚುರುಕೋ ಮೂರನೆಯವರಿಗೆ ಬೀಳುವ ಏಟು ಅಷ್ಟೇ ಜೋರು. ಆ ಮೂರನೆಯವರು ಸ್ವಿಟ್ಜರ್ಲೆಂಡಿನವರಲ್ಲ, ಮಗಳ ಮದುವೆಗೆ ಅಳಿಯನಿಗೊಂದು ಒಳ್ಳೆಯ ವಾಚು ಹುಡುಕುವ ನಮ್ಮ ನಿಮ್ಮಂಥವರು.

ಬಲ್ಲವರೇ ಬಿದ್ದಿರುವಾಗ ನಮ್ಮ ಪಾಡೇನು? 2021ರಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಎಂಬ ಹರಾಜು ಸಂಸ್ಥೆ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ ವಾಚನ್ನು ಹರಾಜಿಗಿಟ್ಟಿತು. 31 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕಿಗೆ ಹೋಯಿತು. ಕೊಂಡವರು ಬೇರೆ ಯಾರೂ ಅಲ್ಲ, ಒಮೆಗಾ ಕಂಪನಿಯೇ, ತಮ್ಮ ಮ್ಯೂಸಿಯಂಗಾಗಿ. 2023ರಲ್ಲಿ ಗೊತ್ತಾಯಿತು, ಅದು ಬೇರೆ ಬೇರೆ ವಾಚುಗಳ ಪಾರ್ಟ್ಸು ಸೇರಿಸಿ ಕೂಡಿಸಿದ ವಾಚು ಎಂದು. ಇದರಲ್ಲಿ ಕಂಪನಿಯ ಮೂವರು ಮಾಜಿ ನೌಕರರ ಕೈವಾಡವಿದೆ ಎಂದು ಒಮೆಗಾವೇ ಹೇಳಿತು. ಪಾರ್ಟ್ಸು ಬಹುಪಾಲು ಅಸಲಿಯೇ. ಕತೆ ಮಾತ್ರ ಸುಳ್ಳು.

ಅಂಥ ವಾಚುಗಳಿಗೆ ಸಂಗ್ರಹಕಾರರು ಇಟ್ಟ ಹೆಸರು ಫ್ರಾಂಕೆನ್. ಹೆಣಗಳ ತುಂಡು ಸೇರಿಸಿ ಜೀವ ಕೊಟ್ಟ ಫ್ರಾಂಕೆನ್‌ಸ್ಟೈನ್ ಕತೆಯಿಂದ ಬಂದದ್ದು.

ಇದೆಲ್ಲ ದೂರದ ಶ್ರೀಮಂತರ ಆಟ ಎಂದುಕೊಳ್ಳಬೇಡಿ. ಫ್ರಾಂಕೆನ್ ವಾಚುಗಳ ಒಂದು ದೊಡ್ಡ ಕಸುಬು ನಮ್ಮ ದೇಶದಲ್ಲೇ ಇದೆ. ಅದರ ಕಚ್ಚಾ ಮಾಲು ಹೋಗುತ್ತಿರುವುದು ನಮ್ಮ ನಮ್ಮ ಮನೆಗಳಿಂದ.

ಎಚ್‌ಎಂಟಿ ಕತೆ ಹಿರಿಯರಿಗೆ ಗೊತ್ತು, ಚಿಕ್ಕವರಿಗಾಗಿ ನಾಲ್ಕು ಸಾಲು. ಬೆಂಗಳೂರಿನ ಕಾರ್ಖಾನೆಯ ನಂತರ 1978ರಲ್ಲಿ ತುಮಕೂರಿನಲ್ಲೂ ವಾಚು ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್, ಕಣ್ಣು ಕಾಣದವರು ಮುಟ್ಟಿ ಗಂಟೆ ತಿಳಿಯುವ ಬ್ರೈಲ್ ವಾಚು, ಎಲ್ಲವನ್ನೂ ಮಾಡಿದರು. ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ, ರಿಟೈರ್ ಆದ ದಿನ ಶಾಲು-ಹಾರದ ಜೊತೆ ಎಚ್‌ಎಂಟಿ. ಆಮೇಲೆ ಹೊಸೂರಿನಿಂದ ಟೈಟಾನಿನ ಬ್ಯಾಟರಿ ವಾಚು ಬಂತು, ಕೀ ಕೊಡುವ ವಾಚಿನ ಕಾಲ ಇಳಿಯಿತು. ಕೊನೆಗೆ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು.

ಮುಚ್ಚಿದ ಸುದ್ದಿ ಬಂದದ್ದೇ ಹಳೆ ಎಚ್‌ಎಂಟಿಗೆ ಎಲ್ಲಿಲ್ಲದ ಬೇಡಿಕೆ ಬಂತು. ದೇಶದೊಳಗೆ ಮಾತ್ರವಲ್ಲ, ಹೊರಗೂ. ಬೇಡಿಕೆ ಇದೆ, ತಯಾರಿ ಇಲ್ಲ. ಅಂಥಲ್ಲಿ ಏನಾಗುತ್ತದೆ? ಕೂಡಿಸಿ ಮಾಡುವವರು ಹುಟ್ಟುತ್ತಾರೆ.

ಹೇಗೆ ಮಾಡುತ್ತಾರೆ ಎಂದರೆ ಹೀಗೆ. ಕೆಟ್ಟು ನಿಂತ ಹಳೆ ವಾಚುಗಳು ರಾಶಿಯಾಗಿ, ಕೆಜಿ ಲೆಕ್ಕದಲ್ಲಿ ಬರುತ್ತವೆ. ಬಿಚ್ಚಿ ಮಷಿನ್ನು, ಕೇಸು, ಡಯಲ್, ಮುಳ್ಳು ಬೇರೆ ಬೇರೆ ಡಬ್ಬಿಗೆ ಹಾಕುತ್ತಾರೆ. ಓಡುವ ಮಷಿನ್ ಆರಿಸುತ್ತಾರೆ. ಕೇಸನ್ನು ಬಫ್ ಚಕ್ರಕ್ಕೆ ಹಿಡಿದು ಪಳಪಳ ಮಾಡುತ್ತಾರೆ, ಅಂಚುಗಳೆಲ್ಲ ಸವೆದು ಸೋಪಿನ ಹಾಗೆ ಆಗುತ್ತದೆ. ಡಯಲಿನ ಹಳೆ ಬಣ್ಣ ತೊಳೆದು ಹೊಸ ಬಣ್ಣ ಹೊಡೆದು ಮೇಲೆ ಅಚ್ಚು ಹಾಕುತ್ತಾರೆ. ಬೂದಿಬಣ್ಣಕ್ಕೆ ತಿರುಗಿದ ಒಂದು ಸಾದಾ ಜನತಾ ಹೀಗೆ ಕಿತ್ತಳೆ ಬಣ್ಣದ ಪೈಲಟ್ ಆಗುತ್ತದೆ. ಮೇಲೆ ಒಂಟೆ, ಯುದ್ಧವಿಮಾನ, ಸೈನ್ಯದ ಬಾಣದ ಗುರುತು, ಯಾವುದು ಬೇಕೋ ಅದು. ಎಚ್‌ಎಂಟಿ ಅಂಥದ್ದನ್ನು ಮಾಡಿತ್ತೇ? ಕೇಳುವವರು ಯಾರು. ಹೊರದೇಶದ ಸಂಗ್ರಹಕಾರರು ಇವಕ್ಕೆ "ಮುಂಬೈ ಸ್ಪೆಷಲ್" ಎಂದೇ ಹೆಸರಿಟ್ಟಿದ್ದಾರೆ. ಎಚ್‌ಎಂಟಿಗೊಂದೇ ಅಲ್ಲ, ನಮ್ಮ ಹಿಂದಿನವರು ಕಟ್ಟುತ್ತಿದ್ದ ಫೇವರ್-ಲೂಬಾ, ವೆಸ್ಟ್ ಎಂಡ್ ವಾಚುಗಳಿಗೂ ಇದೇ ಗತಿ.

ಬಣ್ಣದ ಡಯಲೆಲ್ಲ ನಕಲಿ ಅಂತಲೂ ತಿಳಿಯಬೇಡಿ. ಕೊಹಿನೂರ್ ಮಾದರಿಯನ್ನು ಎಚ್‌ಎಂಟಿಯೇ ಹಲವು ಬಣ್ಣದಲ್ಲಿ ಮಾಡಿತ್ತು. ಇವತ್ತಿಗೂ ಎಚ್‌ಎಂಟಿ ಹೆಸರಿನಲ್ಲಿ ಹೊಸ ವಾಚುಗಳು ಸ್ವಲ್ಪ ಸ್ವಲ್ಪವಾಗಿ ಮಾರಾಟಕ್ಕೆ ಬರುತ್ತಿವೆ. ನೋಡಬೇಕಾದದ್ದು ಅಚ್ಚನ್ನು. ಫೋನಿನಲ್ಲಿ ಡಯಲಿನ ಫೋಟೋ ತೆಗೆದು ಬೆರಳಿಂದ ಹಿಗ್ಗಿಸಿ. ಕಾರ್ಖಾನೆಯ ಅಕ್ಷರ ತೆಳ್ಳಗೆ, ಅಂಚು ಚೂಪಾಗಿ ಇರುತ್ತದೆ. ಮತ್ತೆ ಅಚ್ಚು ಹಾಕಿದ್ದು ಉಬ್ಬಿ, ಹಿಂಗಿ, ಒಂದಕ್ಷರ ಇನ್ನೊಂದಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ನಿಮಿಷದ ಗೆರೆಗಳು ಸುತ್ತಲೂ ಒಂದೇ ಸಮ ಇವೆಯೇ ನೋಡಿ. ಐವತ್ತು ವರ್ಷದ ವಾಚು ಎನ್ನುತ್ತಾರೆ, ಡಯಲು ನಿನ್ನೆ ಬಣ್ಣ ಹೊಡೆದ ಗೇಟಿನ ಹಾಗೆ ಹೊಳೆಯುತ್ತಿದೆ ಎಂದರೆ ಅಲ್ಲೇ ಅನುಮಾನ ಪಡಿ. ಹಿಂದಿನ ಮುಚ್ಚಳ ತೆಗೆದ ಫೋಟೋ ಕೇಳಿ, ಮಷಿನ್ ಮೇಲೆ ಎಚ್‌ಎಂಟಿ ಎಂದು ಕೊರೆದಿರುತ್ತದೆ. ಫೋಟೋ ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯವಹಾರ ಬೇಡ.

ಕೆಜಿ ಲೆಕ್ಕದ ಆ ರಾಶಿ ಎಲ್ಲಿಂದ ಹೋಗುತ್ತದೆ? "ಹಳೇ ಮೊಬೈಲು, ಹಳೇ ಟಿವಿ, ಹಳೇ ವಾಚು" ಎಂದು ಮೈಕಿನಲ್ಲಿ ಕೂಗಿಕೊಂಡು ಬರುವ ಗಾಡಿಗಳಿಂದಲೂ ಹೋಗುತ್ತದೆ. ಒಂದು ಪ್ಲಾಸ್ಟಿಕ್ ಬಕೆಟ್ಟಿಗೋ ಸ್ಟೀಲ್ ಡಬ್ಬಿಗೋ ನಿಂತುಹೋದ ವಾಚನ್ನು ಕೊಟ್ಟು ಕಳಿಸುತ್ತೇವೆ. ಮನೆಯವರಿಗೆ ಅದು ಕೆಟ್ಟ ವಾಚು. ಬಹಳ ಸಲ ಕೆಟ್ಟಿರುವುದೇ ಇಲ್ಲ, ಎಣ್ಣೆ ಒಣಗಿ ನಿಂತಿರುತ್ತದೆ, ಅಷ್ಟೆ. ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ನಡೆಯುತ್ತದೆ.

ನಮಗೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಹಿಂದಿನ ಮುಚ್ಚಳದ ವಿಷಯಕ್ಕೆ. ರಿಟೈರ್ ಆದ ಮೇಷ್ಟ್ರಿಗೆ, ಸೊಸೈಟಿ ಸೆಕ್ರೆಟರಿಗೆ, ಪೋಸ್ಟ್‌ಮ್ಯಾನಿಗೆ ಕೊಟ್ಟ ವಾಚಿನ ಹಿಂದೆ ಹೆಸರು, ಊರು, ತಾರೀಕು ಕೆತ್ತಿಸಿರುತ್ತಿದ್ದರು. ಬಫ್ ಚಕ್ರಕ್ಕೆ ಹಿಡಿದರೆ ಅರ್ಧ ನಿಮಿಷ ಸಾಕು, ಹೆಸರು ಹೋಗುತ್ತದೆ. ಮೂವತ್ತೈದು ವರ್ಷ ಒಂದೇ ಶಾಲೆಯಲ್ಲಿ ಪಾಠ ಮಾಡಿದ್ದಕ್ಕೆ ಊರವರು ದುಡ್ಡು ಹಾಕಿ ಕೊಟ್ಟ ಒಂದು ಗುರುತು ಅಲ್ಲಿಗೆ ಮುಗಿಯಿತು. ಹಿಂದಿನ ಅಸಲಿ ಹೆಸರು ಅಳಿಸಿ ಮುಂದೆ ಒಂದು ಸುಳ್ಳು ಹೆಸರು ಅಚ್ಚು ಹಾಕುತ್ತಾರೆ. ಇದನ್ನು ಸಂಗ್ರಹ ಅನ್ನಬೇಕೇ?

ಹಾಗಂತ ಪಾರ್ಟ್ಸು ಕೀಳುವುದೇ ಪಾಪ ಎಂದರೆ ನಮ್ಮ ರಿಪೇರಿಯವರ ಹೊಟ್ಟೆಗೆ ಹೊಡೆದಂತೆ. ತಾಲ್ಲೂಕು ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಪೆಟ್ಟಿಗೆಯ ಹಿಂದೆ ಕೂರುವ ರಿಪೇರಿಯವರಿಗೆ ಕಂಪನಿಯಿಂದ ಬಿಡಿಭಾಗ ಬರುವ ಕಾಲ ಮುಗಿಯಿತು. ಜನತಾ ವಾಚಿನ ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರಿದರೆ ಇನ್ನೊಂದು ಸತ್ತ ಜನತಾದಿಂದಲೇ ತೆಗೆಯಬೇಕು. ಬೆಂಗಳೂರಿಗೆ ಹೋದಾಗ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ನೆಲದ ಮೇಲೆ ಹರಡಿದ ಹಳೆ ವಾಚುಗಳನ್ನು ಕೆದಕುವವರಲ್ಲಿ ಇಂಥ ರಿಪೇರಿಯವರೂ ಇರುತ್ತಾರೆ. ಸತ್ತ ವಾಚು ಒಂದು ಬಿಚ್ಚಿ ಮೂರು ವಾಚಿಗೆ ಜೀವ ಕೊಡುವುದು ಒಳ್ಳೆಯ ಕೆಲಸ. ಅದೇ ಪಾರ್ಟ್ಸನ್ನು ಹೊಸ ಡಯಲಿನ ಕೆಳಗೆ ಬಚ್ಚಿಟ್ಟು "1970ರ ಒರಿಜಿನಲ್ ಪೈಲಟ್" ಎಂದು ಮಾರುವುದು ಬೇರೆ. ಎರಡಕ್ಕೂ ಬೇಕಾದ ಪಾರ್ಟ್ಸು ಒಂದೇ, ಸ್ಕ್ರೂಡ್ರೈವರೂ ಒಂದೇ. ಬದಲಾಗುವುದು ಕೊಳ್ಳುವವರ ಕಿವಿಗೆ ಬೀಳುವ ಮಾತು.

ರಿಪೇರಿಯವರ ಒಂದು ಹಳೆ ಪದ್ಧತಿ ಇಲ್ಲಿ ನೆನಪಾಗುತ್ತದೆ. ಹಿಂದಿನ ಮುಚ್ಚಳವನ್ನು ತೆಗೆದು ಒಳಬದಿ ನೋಡಿ, ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಅಂಕಿ, ಅಕ್ಷರ ಕಾಣಬಹುದು. ಅದು ರಿಪೇರಿಯವರ ಸಹಿ ಮತ್ತು ತಾರೀಕು. ಯಾವಾಗ ಬಿಚ್ಚಿದರು ಎಂದು ತಮಗೆ ತಿಳಿಯಲು ಹಾಕಿಕೊಂಡದ್ದು. ಮೂರು ನಾಲ್ಕು ಗೀರು ಇದ್ದರೆ ಆ ವಾಚು ಮೂರು ನಾಲ್ಕು ಸಲ ಸರ್ವಿಸ್ ಆಗಿದೆ ಎಂದು ಲೆಕ್ಕ. ಆರ್‌ಸಿ ಬುಕ್ ಇಲ್ಲ ಎಂದೆವಲ್ಲ, ಇದ್ದುದರಲ್ಲಿ ಆರ್‌ಸಿ ಬುಕ್ ಅಂದರೆ ಇದೇ. ಕಸುಬಿನವರು ತಾವಾಗಿಯೇ ಮಾಡಿಕೊಂಡ ದಾಖಲೆ.

ಹವ್ಯಾಸಕ್ಕೆ ವಾಚು ತಿದ್ದುವ ಹುಡುಗ ಹುಡುಗಿಯರಿಗೆ ನಾವು ಹೇಳುವುದು ಇಷ್ಟೇ, ಈ ಪದ್ಧತಿ ಮುಂದುವರಿಸಿ. ಏನು ಬದಲಿಸಿದಿರೋ ಒಂದು ಚೀಟಿಯಲ್ಲಿ ಬರೆದು ವಾಚಿನ ಡಬ್ಬಿಯಲ್ಲಿಡಿ. ಡಯಲ್ ಹೊಸದು, ಮುಳ್ಳು ಬೇರೆಯದು, ಮಷಿನ್ ಹಳೆಯದೇ. ಮಾರುವಾಗ ಆ ಚೀಟಿ ಜೊತೆಗೆ ಹೋಗಲಿ. ಬೆಲೆ ನೂರಿನ್ನೂರು ಕಡಿಮೆ ಬಂದೀತು, ಬರಲಿ.

ಇನ್ನೊಂದು ದಾರಿಯೂ ಇದೆ. ಸೀಕೋ ಕಂಪನಿಯ ಎನ್‌ಎಚ್ 35 ಎಂಬ ಆಟೋಮ್ಯಾಟಿಕ್ ಮಷಿನ್ ಬಿಡಿಯಾಗಿ ಸಿಗುತ್ತದೆ. ಅದಕ್ಕೆ ಹೊಂದುವ ಕೇಸು, ಗಾಜು, ಮುಳ್ಳು, ಹೆಸರೇ ಇಲ್ಲದ ಡಯಲು, ಎಲ್ಲವೂ ಬೇರೆ ಬೇರೆ ಸಿಗುತ್ತವೆ. ಜಗತ್ತಿನ ತುಂಬ ಎಷ್ಟೋ ಜನ ಇವನ್ನು ಕೂಡಿಸಿ ತಮ್ಮದೇ ವಾಚು ಕಟ್ಟಿಕೊಳ್ಳುತ್ತಾರೆ. ಮುಳುಗುಗಾರರ ವಾಚಿನ ಆಕಾರವೇ ಬೇಕು ಎಂದರೆ ಹಾಗೂ ಮಾಡಿಕೊಳ್ಳಬಹುದು. ಡಯಲ್ ಮೇಲೆ ಬೇರೆಯವರ ಹೆಸರು, ಕಿರೀಟದ ಗುರುತು ಹಾಕದಿದ್ದರೆ ಆಯಿತು. ನಿಮ್ಮ ಊರಿನ ಹೆಸರು ಕನ್ನಡದಲ್ಲಿ ಹಾಕಿಸಿಕೊಳ್ಳಿ, ಯಾರು ಬೇಡ ಅನ್ನುತ್ತಾರೆ? ಕೈಚಳಕ ಅದೇ, ಖುಷಿಯೂ ಅದೇ. ಯಾರಾದರೂ ಹತ್ತಿರ ಬಂದು ನೋಡಿದರೆ ತೋಳು ಎಳೆದು ಮುಚ್ಚಿಕೊಳ್ಳುವ ಪ್ರಮೇಯವಿಲ್ಲ.

ರೀಸೆಲ್ಲರ್ ಗ್ರೂಪುಗಳಲ್ಲಿ ಇರುವ ತಮ್ಮಂದಿರು ಇದನ್ನು ಗಮನವಿಟ್ಟು ಓದಬೇಕು. ಮನೆಯಲ್ಲೇ ಕೂತು ಸಂಪಾದಿಸಿ ಎಂದು ಫಸ್ಟ್ ಕಾಪಿ ವಾಚಿನ ಫೋಟೋಗಳನ್ನು ಕಳಿಸುತ್ತಾರೆ. ನೀವು ಸ್ಟೇಟಸ್ಸಿಗೆ ಹಾಕುತ್ತೀರಿ, ಒಂದು ವಾಚಿಗೆ ಇನ್ನೂರು ಮುನ್ನೂರು ಉಳಿಯುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಮುಗಳು ಸುಳ್ಳು ಟ್ರೇಡ್ ಮಾರ್ಕ್ ಹಾಕುವವರಿಗೂ, ಅಂಥ ಮಾಲನ್ನು ಮಾರುವವರಿಗೂ, ಮಾರಲೆಂದು ಇಟ್ಟುಕೊಂಡವರಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಹೇಳುತ್ತವೆ. ಸುಮ್ಮನೆ ಕಟ್ಟಿಕೊಂಡವರನ್ನು ಈ ಕಲಮು ಹಿಡಿಯುವುದಿಲ್ಲ. ಮಾರಿದವರನ್ನು ಹಿಡಿಯುತ್ತದೆ. "ಫಸ್ಟ್ ಕಾಪಿ ಅಂತ ಹೇಳೇ ಮಾರಿದ್ದು ಸಾರ್" ಎಂದರೆ ತಪ್ಪಿಸಿಕೊಳ್ಳಬಹುದು ಎಂದು ನಂಬಿ ಕೂರಬೇಡಿ. ಡಯಲ್ ಮೇಲಿನ ಹೆಸರು ಹಾಗೇ ಇದೆಯಲ್ಲ. ಗುವಾಂಗ್‌ಝೌನ ಮಹಡಿಯಲ್ಲಿ ಕೂತವರು, ಮಧ್ಯದಲ್ಲಿ ಲೋಡುಗಟ್ಟಲೆ ತರಿಸಿದವರು ದೂರ. ಕೈಗೆ ಸಿಗುವುದು ಸ್ಟೇಟಸ್ಸಿನಲ್ಲಿ ಫೋನ್ ನಂಬರ್ ಹಾಕಿಕೊಂಡ ನೀವು.

ಕೊಳ್ಳುವವರಿಗೂ ಒಂದೆರಡು ಮಾತು. ನಕಲಿ ವಾಚಿನ ಹಿಂದೆ ಮುನ್ನೂರು ಮೀಟರ್ ನೀರಿನಲ್ಲಿ ಏನೂ ಆಗುವುದಿಲ್ಲ ಎಂದು ಬರೆದಿರುತ್ತದೆ. ಅದೂ ಹೆಸರಿನಷ್ಟೇ ನಿಜ. ಕೆರೆ, ಬಾವಿಗೆ ಇಳಿಯುವ ಮುನ್ನ ಬಿಚ್ಚಿಡಿ. ಅಗ್ಗದ ಲೇಪನ ಸವೆದು ಒಳಗಿನ ಲೋಹ ತಾಗಿ ಕೆಲವರಿಗೆ ಮಣಿಕಟ್ಟಿನಲ್ಲಿ ಕಡಿತ, ಗಂಧೆ ಏಳುತ್ತದೆ. ಹಾಗಾದರೆ ಮುಲಾಮು ಹಚ್ಚಿಕೊಂಡು ಮತ್ತೆ ಅದನ್ನೇ ಕಟ್ಟಬೇಡಿ.

ಮನೆಯಲ್ಲಿ ಎಚ್‌ಎಂಟಿ ಇರುವವರು ಈ ವಾರ ಒಮ್ಮೆ ಟ್ರಂಕು ತೆಗೆದು ನೋಡಿ. ನಿಂತಿದೆ ಎಂದು ಬಲವಂತವಾಗಿ ಕೀ ಕೊಡಬೇಡಿ, ಎಣ್ಣೆ ಒಣಗಿದ ಮಷಿನ್ ಓಡಿದರೆ ಸವೆಯುತ್ತದೆ. ರಿಪೇರಿಯವರ ಹತ್ತಿರ ಒಯ್ದು ಬಿಚ್ಚಿ ತೊಳೆಸಿ. ಹಳೆ ಪ್ಲಾಸ್ಟಿಕ್ ಗಾಜಿನ ಮೇಲಿನ ಗೀರು ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ ಹೋಗುತ್ತದೆ, ಅದಕ್ಕೆ ಗಾಜು ಬದಲಿಸಬೇಕಿಲ್ಲ. ಡಯಲು ಮಾಸಿದ್ದರೆ ಮಾಸಲಿ. "ಹೊಸದು ಮಾಡ್ಸಿಬಿಡಿ ಸಾರ್, ನಾನೂರು ಆಗುತ್ತೆ" ಎಂದರೆ ಬೇಡ ಎನ್ನಿ. ಸಂಗ್ರಹಕಾರರು ಹೆಚ್ಚು ಬೆಲೆ ಕೊಡುವುದೂ ಮಾಸಿದ ಅಸಲಿ ಡಯಲಿಗೇ. ಏನೇ ಪಾರ್ಟು ಬದಲಿಸಿದರೂ ಬಿಚ್ಚಿದ ಹಳೆಯದನ್ನು ಪೊಟ್ಟಣ ಕಟ್ಟಿಸಿಕೊಂಡು ವಾಪಸ್ ತನ್ನಿ. ಹಿಂದೆ ಕೆತ್ತಿದ ಹೆಸರಿದ್ದರೆ ಪಾಲಿಶ್ ಮಾಡಬೇಡಿ ಎಂದು ಮೊದಲೇ ಹೇಳಿ.

ಮಾರಲೇಬೇಕಾದ ಕಷ್ಟ ಬಂದರೆ ಬಕೆಟ್ ಗಾಡಿಗೆ ಕೊಡಬೇಡಿ. ನಿಮ್ಮ ರಿಪೇರಿಯವರನ್ನು ಮೊದಲು ಕೇಳಿ. ಅವರ ಬಳಿ ಇದೇ ಮಷಿನ್ನಿಗಾಗಿ ಕಾಯುತ್ತಿರುವ ಗಿರಾಕಿ ಇದ್ದರೂ ಇರಬಹುದು. ತುಮಕೂರು, ಬೆಂಗಳೂರು ಕಡೆ ಕಾರ್ಖಾನೆಯಲ್ಲಿ ದುಡಿದವರ ಮನೆಗಳಲ್ಲಿ ಇಕ್ಕಳ, ಭೂತಗಾಜು, ಸಣ್ಣ ಪೊಟ್ಟಣದಲ್ಲಿ ಸ್ಕ್ರೂ, ಚಕ್ರ ಇರುವ ಹಳೆ ತಗಡಿನ ಡಬ್ಬಿಗಳು ಇನ್ನೂ ಉಳಿದಿರಬಹುದು. ಮನೆ ಸ್ವಚ್ಛ ಮಾಡುವಾಗ ಗುಜರಿಗೆ ಹಾಕುವ ಮುನ್ನ ಆ ಡಬ್ಬಿಯ ಮುಚ್ಚಳ ತೆಗೆದು ಒಂದು ಸಲ ನೋಡಿ.